ಸಂಚಾರಿ ವಸ್ತುಪ್ರದರ್ಶನಗಳು ಮತ್ತು ಗಡಿನಾಡಿನ ಕನ್ನಡ

ಪುಸ್ತಕವೊಂದು ಪ್ರಕಟವಾದರೆ ಅದಕ್ಕೆ ವಿಮರ್ಶೆ ಬರುತ್ತದೆ. ಯಕ್ಷಗಾನ ಪ್ರಸಂಗವೊಂದು ರಂಗವೇರಿದರೆ ಮರುದಿನ ಚಹಾದಂಗಡಿಯಲ್ಲಿ ಭಾಗವತರ ಪದ, ಅರ್ಥಧಾರಿಯ ಮಾತು, ಚೆಂಡೆಯ ಕೈ ಎಲ್ಲವೂ ಚರ್ಚೆಗೆ ಬರುತ್ತವೆ. ಆದರೆ ಶಾಲೆಯ ಅಂಗಳಕ್ಕೆ ಪ್ರದರ್ಶನದ ಬಸ್ಸೊಂದು ಬಂದು, ಎರಡು ಮೂರು ದಿನ ವಸ್ತುಗಳನ್ನು ತೋರಿಸಿ ಹೊರಟುಹೋದರೆ, ಅದರ ಕುರಿತು ಪತ್ರಿಕೆಯಲ್ಲಿ ಕಾಣುವುದು ಉದ್ಘಾಟಕರ ಹೆಸರು ಮತ್ತು ಭೇಟಿಯಿತ್ತ ಮಕ್ಕಳ ಸಂಖ್ಯೆ ಮಾತ್ರ. ಅದು ಏನನ್ನು ತೋರಿಸಿತು, ಯಾವ ಮಾತಿನಲ್ಲಿ ಹೇಳಿತು, ಏನನ್ನು ಬಿಟ್ಟಿತು ಎಂದು ಕೇಳಿದವರು ವಿರಳ.

ಸಂಚಾರಿ ಪ್ರದರ್ಶನವೂ ಒಂದು ಕೃತಿಯೇ. ಅದರ ಹಿಂದೆ ಕರ್ತೃಗಳಿದ್ದಾರೆ. ಅವರು ವಸ್ತುಗಳನ್ನು ಆಯ್ದಿದ್ದಾರೆ, ಕ್ರಮದಲ್ಲಿ ಜೋಡಿಸಿದ್ದಾರೆ, ಫಲಕಗಳನ್ನು ಬರೆದಿದ್ದಾರೆ, ಮನಸ್ಸಿನಲ್ಲಿ ಒಬ್ಬ ಓದುಗನನ್ನು ಇಟ್ಟುಕೊಂಡಿದ್ದಾರೆ. ಆ ಓದುಗನು ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವಾಗಿರುವ ಸಂಭವ ಎಷ್ಟು? ಪ್ರದರ್ಶನ ತೆರಳಿದ ಬಳಿಕ ಆ ಮಗುವಿನ ಕೈಯಲ್ಲಿ, ಆ ಶಾಲೆಯ ಅಧ್ಯಾಪಕರ ಕಪಾಟಿನಲ್ಲಿ ಏನು ಉಳಿಯುತ್ತದೆ? ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಈ ಪ್ರಶ್ನೆಗಳನ್ನು ಎತ್ತಲು ಕಾರಣವಿದೆ. ಪ್ರದರ್ಶನದ ಗುಣಾವಗುಣಗಳು ಕೊನೆಗೆ ಅದರ ಭಾಷೆಯಲ್ಲಿಯೇ ಬಯಲಾಗುತ್ತವೆ. ಭಾಷೆಯ ಹೊಣೆಯಾದರೋ ನಮ್ಮಂತಹ ಸಂಘಗಳದು.

ಹಿನ್ನೆಲೆ

ನಾಡಿನ ಹಳೆಯ ವಸ್ತುಸಂಗ್ರಹಾಲಯಗಳು ಜನರನ್ನು ತಮ್ಮೆಡೆಗೆ ಕರೆದವು. ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯ 1851ರಲ್ಲಿ, ಬೆಂಗಳೂರಿನದು 1865ರಲ್ಲಿ ಆರಂಭವಾದವು. ಎರಡರ ಹಿಂದೆಯೂ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯಾಧಿಕಾರಿಯ ಹೆಸರಿದೆ. ಅಂದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡಿನ ರೈತನಿಗೆ ರಾಜಧಾನಿಯ ಆ ಸಂಗ್ರಹಾಲಯ ದೂರದ ಮಾತಾಗಿತ್ತು. ಸಂಗ್ರಹಾಲಯವೇ ಜನರ ಬಳಿಗೆ ಹೋಗಬೇಕೆಂಬ ವಿಚಾರವೂ ಹೊಸದಲ್ಲ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ವಸ್ತುಗಳನ್ನು ಊರೂರಿಗೆ ಕಳುಹಿಸುವುದಕ್ಕೆಂದೇ ಒಂದು ವಿಭಾಗವಿತ್ತು. 1977ರಲ್ಲಿ ಅದನ್ನು ಮುಚ್ಚಲಾಯಿತು. ಭಾರತದಲ್ಲಿ ಕೋಲ್ಕತ್ತದ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು 1965ರಲ್ಲಿ ವಿಜ್ಞಾನ ಪ್ರದರ್ಶನದ ಬಸ್ಸನ್ನು ಹಳ್ಳಿಗಳಿಗೆ ಹೊರಡಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಬಾಗಿಲು ತೆರೆಯಿತು. 2007ರಲ್ಲಿ ‘ಸೈನ್ಸ್ ಎಕ್ಸ್‌ಪ್ರೆಸ್’ ಎಂಬ ರೈಲು ದೇಶ ಸುತ್ತಲು ಹೊರಟಿತು. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯವು 2015ರಿಂದ ತನ್ನದೇ ಆದ ಬಸ್ಸನ್ನು ಶಾಲೆಗಳ ಬಳಿಗೆ ಕೊಂಡೊಯ್ಯುತ್ತಿದೆ.

ಈ ಪ್ರಯತ್ನಗಳ ಹಿರಿಮೆಯನ್ನು ಕಡಿಮೆ ಮಾಡುವಂತಿಲ್ಲ. ಪ್ರಯೋಗಾಲಯವಿಲ್ಲದ ಶಾಲೆಯ ಮಗು ಸನ್ನೆಕೋಲನ್ನು ತಾನೇ ಒತ್ತಿ, ಮಸೂರದಲ್ಲಿ ಕಣ್ಣಿಟ್ಟು, ಗುಂಡಿ ಒತ್ತಿದಾಗ ಬೆಳಗುವ ದೀಪವನ್ನು ಕಂಡು ಬೆರಗಾಗುವುದು ಸಣ್ಣ ಸಂಗತಿಯಲ್ಲ. ಆ ಬೆರಗು ತಿಳಿವಾಗಿ ಮಾಗುವುದಕ್ಕೆ ಮಾತು ಬೇಕು. ಆ ಮಾತಿನ ಕಡೆ ನಮ್ಮ ಪ್ರದರ್ಶನಗಳು ಗಮನ ಹರಿಸಿದ್ದು ಕಡಿಮೆ ಎಂಬುದೇ ಇಲ್ಲಿನ ಆಕ್ಷೇಪ.

ಬಸ್ಸಿನ ಭಾಷೆ

ಕರ್ನಾಟಕಕ್ಕೆಂದು ಸಿದ್ಧವಾದ ಪ್ರದರ್ಶನ ಕನ್ನಡದಲ್ಲಿರುತ್ತದೆ, ಆದರೆ ಅದರ ದಾರಿ ತಲಪಾಡಿಯಲ್ಲಿ ಮುಗಿಯುತ್ತದೆ. ಕೇರಳಕ್ಕೆಂದು ಸಿದ್ಧವಾದದ್ದು ಮಂಜೇಶ್ವರದವರೆಗೂ ಬರಬಹುದು, ಆದರೆ ಅದರ ಮಾತು ಮಲಯಾಳ. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಿಲ್ಲ. ಆಡಳಿತದ ಗೆರೆಗಳು ಭಾಷೆಯ ಗೆರೆಗಳೊಂದಿಗೆ ಹೊಂದದ ಕಡೆಗಳಲ್ಲೆಲ್ಲ ಹೀಗಾಗುತ್ತದೆ. 1956ರ ನವೆಂಬರ್ 1ರಿಂದ ನಾವು ಬದುಕುತ್ತಿರುವುದೇ ಇಂತಹ ಎಡೆಯಲ್ಲಿ. ಸ್ವಾರಸ್ಯವೆಂದರೆ, ಕೋಲ್ಕತ್ತದ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯ ಪರಿಷತ್ತಿನ ವ್ಯವಸ್ಥೆಯಲ್ಲಿ ದಕ್ಷಿಣ ಭಾರತದ ಕೇಂದ್ರ ಬೆಂಗಳೂರಿನ ಅದೇ ವಿಶ್ವೇಶ್ವರಯ್ಯ ಸಂಗ್ರಹಾಲಯ. ಕೋಝಿಕ್ಕೋಡಿನ ವಿಜ್ಞಾನ ಕೇಂದ್ರವೂ ಅದರ ವ್ಯಾಪ್ತಿಗೆ ಸೇರಿದ್ದು. ಕನ್ನಡದ ಫಲಕಗಳೂ ಕೇರಳದ ಜಿಲ್ಲೆಗಳೂ ಒಂದೇ ಛಾವಣಿಯ ಕೆಳಗಿವೆ ಎಂದಾಯಿತು. ಕಾಸರಗೋಡಿಗೆ ಬರುವ ಬಸ್ಸಿನಲ್ಲಿ ಎರಡೂ ಭಾಷೆಗಳ ಫಲಕಗಳಿರಲಿ ಎಂದು ಕೇಳುವುದು ಅತಿಯಾದ ಬೇಡಿಕೆಯೇನಲ್ಲ.

ಕನ್ನಡದ ಫಲಕ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಯಿತು ಎಂದು ತಿಳಿಯುವುದೂ ತಪ್ಪು. ವಿಜ್ಞಾನ ಫಲಕಗಳ ಕನ್ನಡವನ್ನು ಸಾಹಿತ್ಯಾಭ್ಯಾಸಿಯ ಕಣ್ಣಿನಿಂದ ಓದಿದರೆ ಅದು ಹೆಚ್ಚಿನ ಕಡೆಗಳಲ್ಲಿ ಇಂಗ್ಲಿಷ್ ವಾಕ್ಯದ ನೆರಳು. ‘ಕೇಂದ್ರಾಪಗಾಮಿ ಬಲ’ ಎಂಬ ಪಾರಿಭಾಷಿಕ ಪದವನ್ನು ಇನ್ನೂ ನಾಲ್ಕು ಪಾರಿಭಾಷಿಕ ಪದಗಳಿಂದ ವಿವರಿಸಿ ಫಲಕ ಮುಗಿದುಬಿಡುತ್ತದೆ. ಒದ್ದೆ ಕೊಡೆಯನ್ನು ಗಿರ್ರನೆ ತಿರುಗಿಸಿದಾಗ ಹನಿಗಳು ಸುತ್ತಲೂ ಚಿಮ್ಮುವುದನ್ನು ಕರಾವಳಿಯ ಯಾವ ಮಗು ನೋಡಿಲ್ಲ? ಅಲ್ಲಿಂದ ಮಾತು ಆರಂಭವಾದರೆ ಪಾರಿಭಾಷಿಕ ಪದವೂ ತನ್ನ ಅರ್ಥದೊಡನೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಇಂತಹ ಬರವಣಿಗೆಗೆ ನಮ್ಮಲ್ಲಿ ಮೇಲ್ಪಂಕ್ತಿಯಿದೆ. ಶಿವರಾಮ ಕಾರಂತರು 1930ರ ದಶಕದಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ರಚಿಸಿದರು, ಮುಂದೆ ‘ವಿಜ್ಞಾನ ಪ್ರಪಂಚ’ವನ್ನೂ ಕೊಟ್ಟರು. ಅವರು ಪುತ್ತೂರಿನಲ್ಲಿ ಈ ಕೆಲಸಕ್ಕೆ ಕೈಹಾಕಿದಾಗ ಪುತ್ತೂರೂ ಕಾಸರಗೋಡೂ ಒಂದೇ ಜಿಲ್ಲೆಯ ಊರುಗಳು. ವಸ್ತುಸಂಗ್ರಹಾಲಯಕ್ಕೆ ಹೋಗಲಾರದ ಮಗುವಿನ ಮನೆಗೆ ಜಗತ್ತೇ ಪುಸ್ತಕರೂಪದಲ್ಲಿ ಬರಬೇಕೆಂಬುದು ಆ ಸಾಹಸದ ತಿರುಳು. ತಿಳಿವಳಿಕೆಯನ್ನು ಮಗುವಿಗೆ ಮುಟ್ಟಿಸುವುದು ಸಾಹಿತಿಯ ಕೆಲಸವೂ ಹೌದೆಂದು ಅವರು ನಂಬಿದ್ದರು. ಇಂದಿನ ಫಲಕಗಳನ್ನು ಬರೆಯುವ ಕೆಲಸ ಸಾಹಿತಿಯ ಬಳಿಗೆ ಬರುವುದೇ ಇಲ್ಲ.

ಹೆಸರು ಕಳೆದುಕೊಂಡ ವಸ್ತುಗಳು

ವಿಜ್ಞಾನದಿಂದ ಜನಪದದ ಕಡೆಗೆ ಬಂದರೆ ಸಮಸ್ಯೆ ಬೇರೆ ರೂಪ ತಾಳುತ್ತದೆ. ಕರಾವಳಿಯಲ್ಲಿ ಹಳೆಯ ವಸ್ತುಗಳನ್ನು ಕೂಡಿಡುವ ಶ್ರದ್ಧೆ ಕಡಿಮೆಯೇನಲ್ಲ. ಧರ್ಮಸ್ಥಳದ ಮಂಜೂಷಾ, ಮಣಿಪಾಲದ ಪಾರಂಪರಿಕ ಗ್ರಾಮ, ಬಿ.ಸಿ.ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಇವುಗಳ ಹಿಂದೆ ಕೆಲವು ವ್ಯಕ್ತಿಗಳ ಜೀವಮಾನದ ದುಡಿಮೆಯಿದೆ. ಉತ್ಸವ, ಸಮ್ಮೇಳನಗಳ ಮೂಲೆಯಲ್ಲಿಯೂ ಈಗ ಹಳೆಯ ಪರಿಕರಗಳ ಪ್ರದರ್ಶನವೊಂದು ಇದ್ದೇ ಇರುತ್ತದೆ. ಅಲ್ಲಿನ ಚೀಟಿಗಳನ್ನು ಓದಿ ನೋಡಿ: ‘ಕಳಸೆ – ಅಳತೆಯ ಸಾಧನ’, ‘ಮುಟ್ಟಾಳೆ – ತಲೆಗೆ ಧರಿಸುವ ವಸ್ತು’, ‘ಬುಟ್ಟಿ – ಗೃಹೋಪಯೋಗಿ ವಸ್ತು’. ಇವು ತಪ್ಪಲ್ಲ, ಆದರೆ ಇವುಗಳಿಂದ ಏನೂ ತಿಳಿಯುವುದಿಲ್ಲ. ವಸ್ತು ಉಳಿಯಿತು, ಅದರ ಸುತ್ತಲಿನ ಮಾತು ಉಳಿಯಲಿಲ್ಲ.

ಕಳಸೆಯನ್ನೇ ನೋಡೋಣ. ನಮ್ಮ ಕಡೆಯ ರೂಢಿಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಇಷ್ಟನ್ನು ಬರೆದು, ಪಕ್ಕದಲ್ಲಿ ಬೈಹುಲ್ಲಿನಲ್ಲಿ ಬಿಗಿದ ಅಕ್ಕಿಮುಡಿಯನ್ನು ಇಟ್ಟು, ‘ಗೇಣಿಗೆ ಹತ್ತು ಮುಡಿ ಅಳೆಯಬೇಕಾದ ಒಕ್ಕಲು ಎಷ್ಟು ಸೇರು ಅಳೆದ?’ ಎಂದು ಕೇಳಿದರೆ ಐದನೆಯ ತರಗತಿಯ ಗಣಿತವೂ ಭೂಮಿಯ ಇತಿಹಾಸವೂ ಒಂದೇ ಪ್ರಶ್ನೆಯಲ್ಲಿ ಬಂದವು. ಉತ್ತರ 420 ಸೇರು. ಅಷ್ಟನ್ನು ಕೊಟ್ಟ ಮೇಲೆ ಅವನ ಮನೆಗೆ ಉಳಿದದ್ದೆಷ್ಟು ಎಂಬ ಮುಂದಿನ ಪ್ರಶ್ನೆಯನ್ನು ಮಕ್ಕಳೇ ಕೇಳಿಯಾರು.

ಮುಟ್ಟಾಳೆ ಇನ್ನೂ ಹೆಚ್ಚಿನದನ್ನು ಕಲಿಸಬಲ್ಲದು. ಅಡಕೆಯ ಹಾಳೆಯಿಂದ ಮಾಡಿದ ಈ ಟೋಪಿಗೆ ಮಲಯಾಳದಲ್ಲಿ ‘ಪಾಳತ್ತೊಪ್ಪಿ’ ಎನ್ನುತ್ತಾರೆ. ಕನ್ನಡದ ಹಾಳೆ, ತುಳುವಿನ ಪಾಳೆ, ಮಲಯಾಳದ ಪಾಳ ಒಂದೇ ಬೇರಿನ ಪದಗಳು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತೆಂಬ ಸೂತ್ರವನ್ನು ವ್ಯಾಕರಣ ಪುಸ್ತಕದಲ್ಲಿ ಬಾಯಿಪಾಠ ಮಾಡುವ ಮಗುವಿಗೆ, ಆ ಸೂತ್ರ ತನ್ನ ನೆರೆಮನೆಯವರ ಮಾತಿನಲ್ಲಿಯೇ ಜೀವಂತವಿದೆ ಎಂದು ಇಲ್ಲಿ ತೋರಿಸಬಹುದು: ನಮ್ಮ ಹೂವು ತುಳುವಿನಲ್ಲಿ ಪೂ, ಮಲಯಾಳದಲ್ಲಿ ಪೂವ್, ಹಳಗನ್ನಡದಲ್ಲಿಯೂ ಪೂ. ಸಪ್ತಭಾಷೆಗಳ ನಾಡೆಂದು ವೇದಿಕೆಗಳಲ್ಲಿ ನಾವು ಹೆಮ್ಮೆ ಪಡುತ್ತೇವೆ. ಒಂದು ಟೋಪಿಯ ಕೆಳಗೆ ನಾಲ್ಕು ಭಾಷೆಗಳ ಹೆಸರನ್ನು ಬರೆದರೆ ಆ ಹೆಮ್ಮೆಗೆ ಅರ್ಥ ಬರುತ್ತದೆ. ಬಹುಭಾಷಿಕತೆಯನ್ನು ಪ್ರದರ್ಶನದ ಸಂಘಟಕರು ಖರ್ಚಿನ ಬಾಬತ್ತೆಂದು ಕಾಣುತ್ತಾರೆ. ಕಾಸರಗೋಡಿನಲ್ಲಿ ಅದೇ ಪಾಠದ ಮೊದಲ ಪುಟ.

ಗಾಜಿನ ಪೆಟ್ಟಿಗೆಗೆ ಒಗ್ಗದ ವಸ್ತುಗಳೂ ಉಂಟು. ಬಾಯಾರು, ಶೇಣಿ, ಪಡ್ರೆ ಮೊದಲಾದ ಕಡೆಗಳ ಸುರಂಗಗಳು ಅಂತಹವು. ಬೀದರಿನಲ್ಲಿ ಬಹಮನಿಗಳ ಕಾಲದ ಕರೇಜು ಇದೆ. ಇರಾನಿನ ಕನಾತಿನ ಸಂಬಂಧಿ ಎಂದು ಅದನ್ನು ವಿದ್ವಾಂಸರು ವರ್ಣಿಸುತ್ತಾರೆ. ನಮ್ಮ ಸುರಂಗವೋ ಸಾಮಾನ್ಯ ಕೃಷಿಕನ ತೋಟದ ಮೂಲೆಯಲ್ಲಿದೆ. ಪತ್ರಕರ್ತ ಶ್ರೀಪಡ್ರೆಯವರಂತಹ ಕೆಲವರ ಬರಹಗಳಿಂದ ಹೊರಜಗತ್ತಿಗೆ ಇದರ ಪರಿಚಯವಾಯಿತು. ಪ್ರದರ್ಶನದ ವಾಡಿಕೆಯ ಫಲಕ ಇದನ್ನು ‘ಸಾಂಪ್ರದಾಯಿಕ ಜಲಮೂಲ’ ಎಂದು ಕರೆದು ಮುಂದೆ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ಫಲಕ ಹೀಗಿರಬೇಕು:

‘ಸುರಂಗ. ಮುರಕಲ್ಲಿನ ಗುಡ್ಡೆಯನ್ನು ಅಡ್ಡಕ್ಕೆ ಕೊರೆದು ನೀರು ತರುವ ದಾರಿ. ಒಬ್ಬರು ಬಾಗಿ ನಿಂತು ಪಿಕ್ಕಾಸಿನಿಂದ ಅಗೆಯುತ್ತಾರೆ. ಇನ್ನೊಬ್ಬರು ಮಣ್ಣನ್ನು ಹೊರಗೆ ಸಾಗಿಸುತ್ತಾರೆ. ಒಳಗೆ ಹಚ್ಚಿಟ್ಟ ಮೊಂಬತ್ತಿ ಮಂಕಾದರೆ ಗಾಳಿ ಸಾಲದೆಂದು ಅರ್ಥ. ಕೂಡಲೇ ಹೊರಗೆ ಬರಬೇಕು. ನೀರು ಸಿಕ್ಕಿದ ಮೇಲೆ ಪಂಪು ಬೇಡ. ಇಳಿಜಾರಿನಲ್ಲಿ ತಾನಾಗಿ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ನಿಮ್ಮ ಮನೆಯ ಹತ್ತಿರ ಸುರಂಗ ಇದೆಯೆ? ಅದನ್ನು ಅಗೆದವರ ಹೆಸರು ಮನೆಯ ಹಿರಿಯರಿಗೆ ಗೊತ್ತೆ?’

ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಪ್ರದರ್ಶನದಲ್ಲಿ ಸಿಗುವುದಿಲ್ಲ. ಮಗು ಮನೆಗೆ ಹೋಗಿ ಅಜ್ಜನನ್ನೋ ಅಜ್ಜಿಯನ್ನೋ ಕೇಳಬೇಕು. ಬಸ್ಸು ಹೋದ ಮೇಲೆ ಊರಲ್ಲಿ ಉಳಿಯುವ ಮಾತೆಂದರೆ ಇದೇ.

ಬಿಟ್ಟುಹೋದ ಅಧ್ಯಾಯಗಳು

ಆಯ್ಕೆಯ ವಿಮರ್ಶೆಯೂ ಅಗತ್ಯ. ನಮ್ಮ ಜನಪದ ಪ್ರದರ್ಶನಗಳಲ್ಲಿ ಗುತ್ತಿನ ಮನೆಯ ಕೆತ್ತನೆಯ ಕಂಬ, ಹಿತ್ತಾಳೆಯ ದೀಪ, ತೂಗುಮಂಚ ಎದ್ದು ಕಾಣುತ್ತವೆ. ಬುಟ್ಟಿ ಇರುತ್ತದೆ, ಅದನ್ನು ಹೆಣೆದ ಕೊರಗರ ಹೆಸರು ಇರುವುದಿಲ್ಲ. ತಳಂಗರೆಯ ಟೋಪಿಯ ಸೂಕ್ಷ್ಮ ಕಸೂತಿ, ಕಾಸರಗೋಡು ಸೀರೆಯ ಮಗ್ಗ ಇವೆಲ್ಲ ‘ಕನ್ನಡದ’ ಪ್ರದರ್ಶನಕ್ಕೆ ಹೊರಗಿನವೆಂದು ಕೈಬಿಟ್ಟುಹೋಗುವುದುಂಟು. ಹೀಗೆ ಮಾಡಿದರೆ ಕನ್ನಡವೇ ಸಣ್ಣದಾಗುತ್ತದೆ. ಇಲ್ಲಿನ ಕನ್ನಡವು ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳಗಳೊಡನೆ ಕೊಟ್ಟು ಕೊಂಡು ಬೆಳೆದ ಕನ್ನಡ.

ಇತ್ತೀಚಿನ ಇತಿಹಾಸವನ್ನು ಬಿಟ್ಟುಬಿಡುವುದು ಇನ್ನೂ ದೊಡ್ಡ ಲೋಪ. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಮೊದಲಾದ ಪಂಚಾಯತುಗಳ ಮನೆಮನೆಗಳು ಅದರ ನೋವನ್ನು ಇಂದಿಗೂ ಹೊತ್ತಿವೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕೀಟನಾಶಕವನ್ನು ದೇಶದಲ್ಲಿ ತಡೆಹಿಡಿಯಿತು. ರಸಾಯನಶಾಸ್ತ್ರ, ನೀರಿನ ಹರಿವು, ಆಹಾರ ಸರಪಳಿ, ಪ್ರಜೆಗಳ ಹೋರಾಟ ಇವೆಲ್ಲವನ್ನೂ ಕಲಿಸಬಲ್ಲ ಅಧ್ಯಾಯವಿದು. ಬಿಸಾಡಿದ ಒಂದು ಖಾಲಿ ಡಬ್ಬಿ, ಒಂದು ನಕಾಶೆ, ವರ್ಷಗಳ ಒಂದು ಪಟ್ಟಿ ಇದ್ದರೆ ಸಾಕು. ರೋಗಿಗಳ ಚಿತ್ರಗಳನ್ನು ತೂಗುಹಾಕುವ ಅಗತ್ಯವಿಲ್ಲ. ಅವರ ಘನತೆಯನ್ನು ಕಾಪಾಡುತ್ತಲೇ ಸತ್ಯವನ್ನು ಹೇಳಬಹುದು. ವಿಜ್ಞಾನದ ವಿಜಯಗಳನ್ನು ಮಾತ್ರ ತೋರಿಸುವ ಪ್ರದರ್ಶನ ನಮ್ಮ ಊರಿನ ಮಟ್ಟಿಗೆ ಅರ್ಧ ಪಾಠವಷ್ಟೆ.

ಇತಿಹಾಸದ ಮಾತು ಬಂದಾಗ ಬೇಕಲ ಕೋಟೆಯನ್ನು ನೆನೆಯಲೇಬೇಕು. ಕೆಳದಿಯ ನಾಯಕರ ಕೋಟೆಯದು. ಟಿಪ್ಪುವಿನ ಕೈಗೆ ಬಂದು, ಮುಂದೆ ಇಂಗ್ಲಿಷರ ಕಾಲದಲ್ಲಿ ದಕ್ಷಿಣ ಕನ್ನಡಕ್ಕೆ ಸೇರಿತು. ಈಗ ಕೇರಳದ ಪ್ರವಾಸಿಗರ ನೆಚ್ಚಿನ ತಾಣ. ಸಾಗರ ತಾಲೂಕಿನ ಕೆಳದಿಯಲ್ಲಿ ಆ ಅರಸುಮನೆತನದ ದಾಖಲೆಗಳನ್ನು ಕಾಪಾಡಿರುವ ಸಂಗ್ರಹಾಲಯವೊಂದಿದೆ. ಅಲ್ಲಿನ ಪ್ರತಿಕೃತಿಗಳು ಒಂದು ತಿಂಗಳ ಮಟ್ಟಿಗೆ ಬೇಕಲದ ಸುತ್ತಲಿನ ಶಾಲೆಗಳಿಗೆ ಬಂದರೆ, ಕೋಟೆ ನಮ್ಮದೋ ನಿಮ್ಮದೋ ಎಂಬ ಜಗಳ ಹಿಂದಕ್ಕೆ ಸರಿದು, ಅದನ್ನು ಕಟ್ಟಿದ್ದೇಕೆ, ಕಾದದ್ದು ಯಾರು, ಕಲ್ಲು ಹೊತ್ತದ್ದು ಯಾರು ಎಂಬ ಪ್ರಶ್ನೆಗಳು ಮುಂದಕ್ಕೆ ಬರುತ್ತವೆ.

ಉಳಿಯಬೇಕಾದದ್ದು

ಹಾಗಾದರೆ ಒಳ್ಳೆಯ ಸಂಚಾರಿ ಪ್ರದರ್ಶನದ ಲಕ್ಷಣವೇನು? ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯು 1994ರಿಂದ ಸಣ್ಣ ಪಟ್ಟಣಗಳಿಗೆ ಪ್ರದರ್ಶನಗಳನ್ನು ಕಳುಹಿಸುವ ಯೋಜನೆಯೊಂದನ್ನು ನಡೆಸುತ್ತಿದೆ. ಹೊರಗಿನಿಂದ ಬಂದ ಪ್ರದರ್ಶನದ ಪಕ್ಕದಲ್ಲಿ ಆ ಊರಿನವರು ತಮ್ಮದೇ ಕಥೆಯನ್ನು, ತಮ್ಮ ವಸ್ತುಗಳನ್ನು ಜೋಡಿಸುವಂತೆ ಉತ್ತೇಜಿಸುವುದು ಅದರ ವಿಶೇಷ. ಊರು ಪ್ರೇಕ್ಷಕಸ್ಥಾನದಿಂದ ಎದ್ದು ಸಹಕರ್ತೃವಾಗುತ್ತದೆ.

ಇಂತಹ ಮಾದರಿಯನ್ನು ಕಡಲಾಚೆಯಿಂದಲೇ ತರಬೇಕೆಂದಿಲ್ಲ. ನಮ್ಮ ತಿರುಗಾಟದ ಮೇಳ ಮಾಡಿಕೊಂಡು ಬಂದದ್ದೂ ಇದೇ ಅಲ್ಲವೆ? ಪೆಟ್ಟಿಗೆ ಹೊತ್ತು ಊರಿಂದೂರಿಗೆ ಹೋಗುವ ಮೇಳದ ಪ್ರಸಂಗ ಒಂದೇ ಆದರೂ, ಅರ್ಥಧಾರಿ ಆ ಊರಿನ ಸಭೆಯನ್ನು ನೋಡಿ ಮಾತಾಡುತ್ತಾನೆ. ಪಾರ್ತಿಸುಬ್ಬನ ಕುಂಬಳೆ ಸೀಮೆಗೆ ಇದನ್ನು ಹೇಳಿಕೊಡಬೇಕಿಲ್ಲ. ಕಾಸರಗೋಡಿನ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘವು ಸೂತ್ರದ ಬೊಂಬೆಗಳನ್ನು ಹೊರನಾಡು, ಹೊರದೇಶಗಳಿಗೂ ಕೊಂಡೊಯ್ದು ಆಡಿಸಿದೆ. ಇನ್ನೊಂದು ಕಡೆ, ನೆರೆಯ ಮಲಯಾಳಿಗಳಿಂದ ಕಲಿಯುವುದೂ ಇದೆ. 1962ರಲ್ಲಿ ಸ್ಥಾಪಿತವಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1980ರಲ್ಲಿ ಆರಂಭಿಸಿದ ಕಲಾಜಾಥಾ ವಿಜ್ಞಾನವನ್ನು ಹಾಡು, ನಾಟಕಗಳ ಮೂಲಕ ಹಳ್ಳಿಗಳಿಗೆ ಒಯ್ದಿತು. ಆಡುಮಾತಿನಲ್ಲಿ ಹೇಳಿದ್ದೇ ಅದರ ಬಲ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೆ ಸ್ಥಾನವಿದೆ. ವೇದಿಕೆಯ ಮೇಲೆ ಸಿಕ್ಕಿದ ಈ ಮಾನ್ಯತೆ ಪ್ರದರ್ಶನದ ಫಲಕಗಳಿಗೂ ಸಿಗಲೆಂದು ಕೇಳಲು ನಮಗೆ ಆಧಾರವಿದೆ.

ಶಿಕ್ಷಣ ಸಾಮಗ್ರಿಯೆಂದರೆ ಬಣ್ಣದ ಕರಪತ್ರವೆಂದು ತಿಳಿಯಬಾರದು. ಒಂದು ಮರದ ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ಮುಟ್ಟಿ ನೋಡಬಹುದಾದ ಹತ್ತು ವಸ್ತುಗಳು. ಪ್ರತಿಯೊಂದಕ್ಕೂ ಕನ್ನಡ, ತುಳು, ಮಲಯಾಳದ ಹೆಸರುಗಳು. ಅಧ್ಯಾಪಕರಿಗೆ ಒಂದು ಕೈಪಿಡಿ, ಯಾವ ತರಗತಿಯ ಯಾವ ಪಾಠಕ್ಕೆ ಯಾವ ವಸ್ತು ಹೊಂದುತ್ತದೆಂಬ ಸೂಚನೆ. ಮಕ್ಕಳು ಮನೆಯಲ್ಲಿ ಕೇಳಿ ಬರೆದು ತರಬೇಕಾದ ಖಾಲಿ ಹಾಳೆಗಳು. ಪೆಟ್ಟಿಗೆ ಒಂದು ಶಾಲೆಯಲ್ಲಿ ಹದಿನೈದು ದಿನ ನಿಂತು ಮುಂದಿನ ಶಾಲೆಗೆ ಹೋಗುವಾಗ, ತುಂಬಿದ ಹಾಳೆಗಳ ಒಂದು ಪ್ರತಿ ಶಾಲೆಯಲ್ಲಿ ಉಳಿಯಬೇಕು, ಇನ್ನೊಂದು ಪೆಟ್ಟಿಗೆಯೊಡನೆ ಸಾಗಬೇಕು. ಮುಂದಿನ ಊರು ಹಿಂದಿನ ಊರನ್ನು ಓದುತ್ತದೆ.

ಎಲ್ಲವೂ ಮೊಬೈಲಿನಲ್ಲಿ ಸಿಗುವ ಕಾಲದಲ್ಲಿ ಇದೇಕೆ ಎಂಬ ಮಾತು ಬರಬಹುದು. ಮೊಬೈಲಿನಲ್ಲಿ ಅಕ್ಕಿಮುಡಿಯ ಚಿತ್ರವಿದೆ, ಅದರ ಭಾರವಿಲ್ಲ. ತಾಳೆಗರಿಯ ಚಿತ್ರವಿದೆ, ಕಂಟದ ಮೊನೆ ಗೀರಿದ ಸಾಲಿನ ಮೇಲೆ ಬೆರಳಾಡಿಸಿದಾಗ ಆಗುವ ಅನುಭವವಿಲ್ಲ. ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು ತುಳು ಲಿಪಿಯ ತಾಳೆಗರಿಗಳಿಂದ ‘ಶ್ರೀ ಭಾಗವತೊ’, ‘ಕಾವೇರಿ’ಗಳನ್ನು ಬೆಳಕಿಗೆ ತಂದದ್ದು ನಮ್ಮ ಜಿಲ್ಲೆಯ ನೆಲದಲ್ಲಿ ನಡೆದ ದೊಡ್ಡ ಕೆಲಸ. ಆ ಲಿಪಿಯ ಒಂದು ಗರಿಯ ಪ್ರತಿಕೃತಿಯನ್ನು ಕೈಯಲ್ಲಿ ಹಿಡಿದ ಮಗುವಿಗೆ ಅದರ ಬೆಲೆಯನ್ನು ಬೇರೆ ವಿವರಿಸಬೇಕಾಗುವುದಿಲ್ಲ.

ಕೊನೆಯದಾಗಿ ಒಂದು ಸೂಚನೆ. ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳ ಮನೆ ‘ಗಿಳಿವಿಂಡು’ ಎಂಬ ಹೆಸರಿನಲ್ಲಿ ಸ್ಮಾರಕವಾಗಿದೆ. ಹಲವು ಭಾಷೆಗಳನ್ನು ಬಲ್ಲ ಆ ವಿದ್ವಾಂಸರು ಕೂಡಿಟ್ಟ ಗ್ರಂಥಗಳು ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಸುರಕ್ಷಿತವಾಗಿವೆ. ಅವು ಅಲ್ಲಿಯೇ ಇರಲಿ. ಕಾಪಾಡಿದವರಿಗೆ ನಾವು ಋಣಿಗಳು. ಆದರೆ ಆಯ್ದ ಕೆಲವು ಗ್ರಂಥಗಳೋ ಅವುಗಳ ಪ್ರತಿಕೃತಿಗಳೋ ವರ್ಷಕ್ಕೊಮ್ಮೆ ಅವರ ಹುಟ್ಟುಹಬ್ಬವಾದ ಮಾರ್ಚ್ 23ರ ಸುಮಾರಿಗೆ ಮಂಜೇಶ್ವರಕ್ಕೆ ಬಂದು, ಅಲ್ಲಿಂದ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಕಾಸರಗೋಡುಗಳ ಶಾಲೆಗಳನ್ನು ಸುತ್ತಲು ಅಡ್ಡಿಯೇನು? ಕವಿಯ ಓದಿನ ಮೇಜನ್ನು ಕಾಣುವ ಭಾಗ್ಯ ಅವನ ಊರಿನ ಮಕ್ಕಳಿಗೆ ಮೊದಲು ಸಿಗಬೇಕು.

ಇದಕ್ಕೆ ಸರಕಾರದ ಅನುದಾನ ಬರಲಿ ಎಂದು ಕಾಯಬೇಕಾಗಿಲ್ಲ. ಬಸ್ಸನ್ನು ಕೊಳ್ಳುವ ಶಕ್ತಿ ಸಂಘಗಳಿಗಿಲ್ಲದಿರಬಹುದು. ಫಲಕ ಬರೆಯುವ ಶಕ್ತಿ ಖಂಡಿತ ಇದೆ. ಮುಂದಿನ ಸಮ್ಮೇಳನದೊಳಗೆ ಸಂಘದ ಪ್ರತಿ ಕುಟುಂಬವೂ ಮನೆಯ ಅಟ್ಟದಲ್ಲಿರುವ ಒಂದು ವಸ್ತುವನ್ನು ಇಳಿಸಿ, ಅದರ ಹೆಸರು, ಬಳಸಿದವರು, ಬಳಸಿದ ಬಗೆ, ಅದರ ಜೊತೆ ಆಡುತ್ತಿದ್ದ ಮಾತು ಇವಿಷ್ಟನ್ನು ಒಂದು ಪುಟದಲ್ಲಿ ಬರೆದುಕೊಟ್ಟರೆ ಮೊದಲ ಪೆಟ್ಟಿಗೆ ತುಂಬುತ್ತದೆ. ಬರೆಯಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರು ಇರುವಾಗಲೇ ಈ ಕೆಲಸ ಆಗಬೇಕು.